ಹೃದಯೌಷಧಗಳ ನಿತ್ಯಸೇವನೆ: ಶಿಕಾರಿಪುರ ಮತ್ತು ಸೊರಬ ಸೀಮೆ

ಹೃದ್ರೋಗ, ರಕ್ತದ ಏರೊತ್ತಡ ಮೊದಲಾದ ದೀರ್ಘವ್ಯಾಧಿಗಳಿಗೆ ವೈದ್ಯರು ವಿಧಿಸಿದ ಔಷಧವನ್ನು ಪ್ರತಿದಿನವೂ ನಿಯತವಾದ ಹೊತ್ತಿಗೆ, ನಿಯತವಾದ ಪ್ರಮಾಣದಲ್ಲಿ, ರೋಗಲಕ್ಷಣವೊಂದೂ ಕಾಣಿಸದಿರುವಾಗಲೂ ಬಿಡದೆ ಸೇವಿಸುವ ಅಭ್ಯಾಸ, ಮತ್ತು ಆ ಅಭ್ಯಾಸವನ್ನು ಕಾಪಾಡಲು ರೋಗಿ, ಕುಟುಂಬ, ಆಸ್ಪತ್ರೆ ಇವು ಸೇರಿ ಮಾಡಿಕೊಳ್ಳುವ ಸ್ಮರಣೆಯ ಏರ್ಪಾಡು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳನ್ನು ನಿದರ್ಶನವಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವೇಚಿಸಿದೆ. ಔಷಧ ತಪ್ಪುವುದನ್ನು ಮರೆವಿನ ದೋಷವೆಂದು ಮಾತ್ರ ಎಣಿಸಿ ರೋಗಿಯನ್ನು ಗದರಿಸುವುದು ಲೋಕರೂಢಿ. ವಸ್ತುತಃ ಮರೆವಿನ ಹಿಂದೆ ದೂರ, ಋತು, ಕೃಷಿಕರ್ಮ, ವ್ರತ, ಹಣ ಮತ್ತು ಔಷಧದ ಸ್ವಭಾವ ಇವೆಲ್ಲವೂ ಸೇರಿರುತ್ತವೆ.

ಪ್ರದೇಶ

ಶಿಕಾರಿಪುರ ಕುಮುದ್ವತಿಯ ದಡದಲ್ಲಿಯೂ ಸೊರಬ ದಂಡಾವತಿಯ ದಡದಲ್ಲಿಯೂ ಇವೆ. ಮಲೆನಾಡು ಬಯಲಿಗೆ ಇಳಿಯುವ ಈ ಸೀಮೆಯಲ್ಲಿ ಬತ್ತ, ಮೆಕ್ಕೆಜೋಳ, ಶುಂಠಿ, ಅಡಿಕೆ ಮುಖ್ಯ ಬೆಳೆಗಳು. ಶಿರಾಳಕೊಪ್ಪ, ಆನವಟ್ಟಿ, ಉಳವಿ, ಜಡೆ, ಚಂದ್ರಗುತ್ತಿ ಮುಂತಾದವು ಸುತ್ತಣ ಹಳ್ಳಿಗಳಿಗೆ ಆಶ್ರಯವಾದ ಊರುಗಳು. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಗಳುಂಟು. ಅದಕ್ಕೂ ಮೇಲಿನ ಚಿಕಿತ್ಸೆಗೆ ಜನರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಮಣಿಪಾಲಕ್ಕೋ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೋ ಹೋಗುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದರಿಂದ ವೈದ್ಯಕೀಯ ಗ್ರಂಥಗಳಲ್ಲಿ ಈ ಸೀಮೆಯ ಹೆಸರು ಸಾಂಕ್ರಾಮಿಕ ಜ್ವರದೊಡನೆಯೇ ಹೆಚ್ಚಾಗಿ ಬರುತ್ತದೆ. ವರ್ಷವರ್ಷವೂ ಸದ್ದಿಲ್ಲದೆ ಮನೆಗಳಲ್ಲಿ ನೆಲಸಿರುವ ಹೃದ್ರೋಗಕ್ಕೆ ಅಂಥ ಪ್ರಸಿದ್ಧಿ ದೊರೆತಿಲ್ಲ.

ಐತಿಹಾಸಿಕ ಹಿನ್ನೆಲೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಮಧ್ಯಯುಗದ ಕರ್ನಾಟಕದ ಮಹಾಪಟ್ಟಣಗಳಲ್ಲೊಂದು. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯಮಠವು ಕಾಳಾಮುಖ ಯತಿಗಳ ಕೇಂದ್ರವಾಗಿತ್ತು. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವು ಆ ಮಠವನ್ನು ಬಣ್ಣಿಸುತ್ತ, ವೇದ ವೇದಾಂಗಗಳು, ಹಲವು ಸಂಪ್ರದಾಯಗಳ ವ್ಯಾಕರಣ, ದರ್ಶನಗಳು, ಯೋಗ, ಪುರಾಣ, ಕಾವ್ಯ ನಾಟಕಗಳು ಇವುಗಳ ಅಧ್ಯಯನಕ್ಕೆ ಅದು ಸ್ಥಾನವೆಂದೂ, ದೀನರಿಗೆ, ಅಂಗವಿಕಲರಿಗೆ, ಪರದೇಶಿಗಳಿಗೆ ಅನ್ನ ದೊರೆಯುವ ತಾಣವೆಂದೂ, ಅನಾಥರಾದ ರೋಗಿಗಳಿಗೆ ಔಷಧೋಪಚಾರ ನಡೆಯುವ ನೆಲೆಯೆಂದೂ ಹೇಳುತ್ತದೆ. ಶಾಸನದ ಧಾಟಿ ಪ್ರಶಂಸಾತ್ಮಕವಾದುದರಿಂದ ಅದನ್ನು ಇಂದಿನ ಆಸ್ಪತ್ರೆಗೆ ಸಮವೆಂದು ಎಣಿಸುವುದು ಯುಕ್ತವಲ್ಲ. ಆದರೂ ಔಷಧದಾನವನ್ನು ಅನ್ನದಾನ ವಿದ್ಯಾದಾನಗಳ ಸಾಲಿನಲ್ಲಿ ಸಾರ್ವಜನಿಕ ಕರ್ತವ್ಯವಾಗಿ ಗಣಿಸಿದ್ದ ಸ್ಥಳ ಈ ಸೀಮೆಯಲ್ಲಿ ಎಂಟೂವರೆ ಶತಮಾನಗಳ ಹಿಂದೆಯೇ ಇತ್ತೆಂಬುದು ಈ ಲೇಖನದ ವಿಷಯಕ್ಕೆ ಅಲ್ಪವಾದ ಸಂಗತಿಯಲ್ಲ.

ಹೃದ್ರೋಗಕ್ಕೆಂದೇ ವಿಧಿಸಿದ ಔಷಧದ ಪ್ರಸ್ತಾವ ಆಯುರ್ವೇದದಲ್ಲಿ ಪ್ರಾಚೀನವಾದುದು. ಹೊಳೆದಂಡೆಗಳಲ್ಲಿ ಬೆಳೆಯುವ, ಕನ್ನಡದಲ್ಲಿ ಹೊಳೆಮತ್ತಿಯೆಂದು ಹೆಸರಾದ ಅರ್ಜುನವೃಕ್ಷದ ತೊಗಟೆಯ ಚೂರ್ಣವನ್ನು ತುಪ್ಪ, ಹಾಲು ಅಥವಾ ಬೆಲ್ಲದ ನೀರಿನೊಡನೆ ಸೇವಿಸಬೇಕೆಂದು 11ನೆಯ ಶತಮಾನದ ಚಕ್ರಪಾಣಿದತ್ತನು ಹೇಳಿದ್ದಾನೆ. ಮಲೆನಾಡಿನ ಕಾಡುಗಳಲ್ಲಿ ದೊರೆಯುವ ಸರ್ಪಗಂಧದ ಬೇರಿನ ಚರಿತ್ರೆ ಇನ್ನೂ ಸ್ವಾರಸ್ಯವಾದುದು. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು ಅದು ರಕ್ತದ ಒತ್ತಡವನ್ನು ಇಳಿಸುವುದೆಂಬುದನ್ನು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ರಸಾಯನಜ್ಞರು ಆ ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಏರೊತ್ತಡಕ್ಕೆ ದಿನನಿತ್ಯ ನುಂಗುವ ಗುಳಿಗೆ ಲೋಕದಲ್ಲೆಲ್ಲ ರೂಢಿಗೆ ಬಂದುದರಲ್ಲಿ ನಮ್ಮ ಕಾಡಿನ ಈ ಬೇರಿಗೂ ಪಾಲುಂಟು. ಮನಸ್ಸನ್ನು ಕುಗ್ಗಿಸುವುದೇ ಮೊದಲಾದ ದುಷ್ಪರಿಣಾಮಗಳಿಂದ ರೆಸರ್ಪಿನ್ ಕ್ರಮೇಣ ಹಿಂದೆ ಸರಿಯಿತು. 1950ರ ದಶಕದ ಕೊನೆಯಲ್ಲಿ ಥಯಜೈಡ್ ವರ್ಗದ ಮೂತ್ರಲಗಳು, 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ರೂಪಿಸಿದ ಪ್ರೊಪ್ರನಲಾಲ್, 1980ರ ದಶಕದಲ್ಲಿ ಕ್ಯಾಪ್ಟೊಪ್ರಿಲ್ ಮತ್ತು ಕೊಬ್ಬನ್ನಿಳಿಸುವ ಸ್ಟ್ಯಾಟಿನ್‌ಗಳು ಒಂದೊಂದಾಗಿ ಬಂದು ಇಂದಿನ ಚೀಟಿಯನ್ನು ತುಂಬಿದವು.

ಈ ಚರಿತ್ರೆಯಿಂದ ಗ್ರಹಿಸಬೇಕಾದ ಒಂದಂಶವುಂಟು. ನಾಟಿವೈದ್ಯದಲ್ಲಿ ಔಷಧಕ್ಕೆ ಒಂದು ಅವಧಿಯಿರುತ್ತಿತ್ತು. ಮಂಡಲವೆಂದರೆ 48 ದಿನ, ಅಷ್ಟು ದಿನ ಪಥ್ಯ, ಅನಂತರ ವಿಮುಕ್ತಿ. ರೋಗವು ವಾಸಿಯಾಗದಿದ್ದರೂ ಶಮನದಲ್ಲಿರಲೆಂದು, ದೇಹಕ್ಕೆ ಸುಖವೆನ್ನಿಸುತ್ತಿರುವಾಗಲೂ, ಜೀವಮಾನ ಪರ್ಯಂತ ಗುಳಿಗೆ ನುಂಗುವ ಪದ್ಧತಿಗೆ ಕೇವಲ ಎಪ್ಪತ್ತು ವರ್ಷಗಳ ವಯಸ್ಸು. ಅಜ್ಜ ಅಜ್ಜಿಯರಿಂದ ಕಲಿತು ಬಂದ ಸಂಪ್ರದಾಯ ಅದರ ಬೆನ್ನಿಗಿಲ್ಲ. “ಈಗ ಅರಾಮಿದ್ದೀನಲ್ಲ, ಇನ್ನೆಂಥಕ್ಕೆ ಮಾತ್ರೆ?” ಎಂದು ಈ ಸೀಮೆಯ ರೋಗಿ ಕೇಳುವಾಗ ಅದು ಅವಿವೇಕವಲ್ಲ, ಹಿಂದಿನ ವೈದ್ಯಪದ್ಧತಿಯ ನ್ಯಾಯಸಮ್ಮತವಾದ ತರ್ಕ. ಅದಕ್ಕೆ ವೈದ್ಯನು ತಾಳ್ಮೆಯಿಂದ ಉತ್ತರ ಹೇಳಬೇಕು.

ತಪ್ಪಿದ ಸೇವನೆಯ ಪರಿಣಾಮ

ಎಲ್ಲ ಹೃದಯೌಷಧಗಳೂ ಮರೆವನ್ನು ಒಂದೇ ರೀತಿಯಲ್ಲಿ ಕ್ಷಮಿಸುವುದಿಲ್ಲವೆಂಬುದು ಈ ವಿಷಯದಲ್ಲಿ ಅತ್ಯಂತ ಮುಖ್ಯವಾದರೂ ರೋಗಿಗಳಿಗೆ ಅತ್ಯಂತ ವಿರಳವಾಗಿ ತಿಳಿಸಲ್ಪಡುವ ಸಂಗತಿ. ರಕ್ತದಲ್ಲಿ ಸೇರಿದ ಔಷಧವು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲಕ್ಕೆ ಅರ್ಧಾಯುವೆಂದು ಹೆಸರು. ಆಳವಾದ ಕೆರೆ ಒಂದು ದಿನ ಒಳಹರಿವು ನಿಂತ ಮಾತ್ರಕ್ಕೆ ಬರಿದಾಗದು, ಕಟ್ಟೆಹೊಂಡ ಸಂಜೆಯೊಳಗೆ ತಳ ಕಾಣುತ್ತದೆ. ಔಷಧಗಳಲ್ಲಿಯೂ ಈ ಭೇದವಿದೆ. ಆಮ್ಲೋಡಿಪಿನ್‌ನ ಅರ್ಧಾಯು 30ರಿಂದ 50 ಗಂಟೆಗಳಷ್ಟಾದುದರಿಂದ ಒಂದು ಹೊತ್ತು ತಪ್ಪಿದರೆ ಒತ್ತಡ ತಕ್ಷಣವೇ ಏರಿಹೋಗುವುದಿಲ್ಲ. ಆಸ್ಪಿರಿನ್ ರಕ್ತದಿಂದ ಬೇಗ ಮರೆಯಾದರೂ ಅದು ಮುಟ್ಟಿದ ರಕ್ತದ ಕಿರುಬಿಲ್ಲೆಗಳು ತಮ್ಮ ಏಳರಿಂದ ಹತ್ತು ದಿನಗಳ ಆಯುಷ್ಯವೆಲ್ಲ ಹೆಪ್ಪುಗಟ್ಟುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತವೆ. ಇದಕ್ಕೆ ಪ್ರತಿಯಾಗಿ, ದಿನಕ್ಕೆರಡು ಬಾರಿ ಕೊಡುವ ಟಿಕಾಗ್ರೆಲರ್‌ನ ಪ್ರಭಾವ ಸೇವನೆ ನಿಂತೊಡನೆ ಕ್ಷಿಪ್ರವಾಗಿ ಕುಂದುತ್ತದೆ. ರಕ್ತನಾಳಕ್ಕೆ ಸ್ಟೆಂಟ್ ಕೂಡಿಸಿದ ಮೊದಲ ತಿಂಗಳುಗಳಲ್ಲಿ ಹೆಪ್ಪುಗಟ್ಟುವುದನ್ನು ತಡೆಯುವ ಇಂಥ ಔಷಧಗಳನ್ನು ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಪ್ರಾಣಾಪಾಯವಾಗಬಹುದು. ಮೆಟೊಪ್ರೊಲಾಲ್ ಮೊದಲಾದ ಬೀಟಾ ತಡೆಗಳನ್ನು ಹಠಾತ್ತಾಗಿ ನಿಲ್ಲಿಸಿದಲ್ಲಿ ಎದೆನೋವು ಮೊದಲಿಗಿಂತ ತೀವ್ರವಾಗಿ ಮರುಕಳಿಸುವುದುಂಟು. ಕ್ಲೊನಿಡಿನ್ ನಿಂತರೆ ಒತ್ತಡ ಪುಟಿದೇಳುತ್ತದೆ.

ಕೃತಕ ಕವಾಟವಿರುವವರು ಸೇವಿಸುವ ವಾರ್ಫರಿನ್ ಇವೆಲ್ಲಕ್ಕಿಂತ ಸೂಕ್ಷ್ಮ. ರಕ್ತ ಹೆಪ್ಪುಗಟ್ಟುವ ಕಾಲವನ್ನು ಅಳೆಯುವ ಐ.ಎನ್.ಆರ್. ಪರೀಕ್ಷೆಯ ಅಂಕವು ಕವಾಟದ ಬಗೆಯನ್ನನುಸರಿಸಿ ಸಾಮಾನ್ಯವಾಗಿ 2ರಿಂದ 3.5ರೊಳಗೆ ಇರತಕ್ಕದ್ದು, ಕೆಳಗಿಳಿದರೆ ಹೆಪ್ಪು, ಮೇಲೇರಿದರೆ ರಕ್ತಸ್ರಾವ. ಸೊಪ್ಪುಗಳಲ್ಲಿರುವ ಕೆ ಜೀವಸತ್ತ್ವವು ಅದರ ಗುಣವನ್ನು ತಗ್ಗಿಸುವುದರಿಂದ, ಮಳೆ ಬಿದ್ದೊಡನೆ ಹಿತ್ತಲಲ್ಲಿ ಹರಿವೆ ನುಗ್ಗೆಗಳು ಚಿಗುರಿ ದಿನವೂ ಸಾರು ಪಲ್ಯಗಳಾಗುವ ಮನೆಗಳಲ್ಲಿ ಸೊಪ್ಪನ್ನು ತ್ಯಜಿಸುವುದಕ್ಕಿಂತ ವರ್ಷವಿಡೀ ಒಂದೇ ಪ್ರಮಾಣದಲ್ಲಿ ತಿನ್ನುವುದು ಮೇಲು.

ಹೊತ್ತು ತಪ್ಪಿದಾಗ ಪಾಲಿಸಬೇಕಾದ ಸಾಮಾನ್ಯ ನಿಯಮ ಸರಳವಾದುದು: ನೆನಪಾದೊಡನೆ ಸೇವಿಸುವುದು, ಮುಂದಿನ ಹೊತ್ತು ಸಮೀಪಿಸಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡುವುದು, ಎರಡು ಹೊತ್ತಿನದನ್ನು ಒಟ್ಟಿಗೆ ಎಂದೂ ನುಂಗದಿರುವುದು. ವಾರ್ಫರಿನ್ ತಪ್ಪಿದಾಗಲೂ ಯಾವುದೇ ಔಷಧ ಹಲವು ದಿನ ನಿಂತಾಗಲೂ ವೈದ್ಯರನ್ನೇ ಕೇಳತಕ್ಕದ್ದು.

ಸೇವನೆ ತಪ್ಪಲು ಕಾರಣಗಳು

ಅಭಿವೃದ್ಧಿ ಹೊಂದಿದ ದೇಶಗಳಲ್ಲಿಯೂ ದೀರ್ಘವ್ಯಾಧಿಯ ರೋಗಿಗಳಲ್ಲಿ ಸರಾಸರಿ ಅರ್ಧದಷ್ಟು ಮಂದಿ ಮಾತ್ರ ಔಷಧವನ್ನು ವಿಧಿಸಿದಂತೆ ಸೇವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿ ತಿಳಿಸಿತು. ಆದುದರಿಂದ ಇದನ್ನು ಹಳ್ಳಿಗರ ಅಜ್ಞಾನವೆಂದು ತಿಳಿಯುವುದು ತಪ್ಪು. ಆದರೆ ಕಾರಣಗಳಿಗೆ ಸ್ಥಳೀಯ ರೂಪವಿರುತ್ತದೆ. ನಾಟಿಯ ದಿನಗಳಲ್ಲಿ ಮಬ್ಬುಗತ್ತಲೆಯಲ್ಲೇ ಗದ್ದೆಗಿಳಿಯುವವರಿಗೆ ಬೆಳಗಿನ ತಿಂಡಿಯ ಹೊತ್ತೇ ಬದಲಾಗುತ್ತದೆ. ಅಡಿಕೆ ಸುಗ್ಗಿಯಲ್ಲಿ ರಾತ್ರಿಯೆಲ್ಲ ಸುಲಿಯುವ ಮನೆಗಳಲ್ಲಿ ಮಲಗುವ ಹೊತ್ತು ನಿಶ್ಚಿತವಿರುವುದಿಲ್ಲ. ಏಕಾದಶಿಯ ನಿರಾಹಾರದಲ್ಲಿ ಊಟವಾದ ಮೇಲೆ ನುಂಗಬೇಕಾದ ಮಾತ್ರೆ ಊಟದೊಡನೆಯೇ ಲೋಪವಾಗುತ್ತದೆ; ರಂಜಾನ್ ತಿಂಗಳಲ್ಲಿ ಶಿರಾಳಕೊಪ್ಪ ಶಿಕಾರಿಪುರಗಳ ಮುಸಲ್ಮಾನ ರೋಗಿಗಳಿಗೂ ಇದೇ ತೊಡಕು. ಉಪವಾಸ ಆರಂಭವಾಗುವ ಮುನ್ನವೇ ವೈದ್ಯರನ್ನು ಕಂಡರೆ ಅನೇಕ ಔಷಧಗಳನ್ನು ಇಫ್ತಾರ್, ಸಹರಿಗಳ ಹೊತ್ತಿಗೆ ಹೊಂದಿಸಲು ಸಾಧ್ಯ. ಫ್ಯೂರೊಸಿಮೈಡ್ ಸೇವಿಸಿದ ಒಂದು ಗಂಟೆಯೊಳಗೆ ಮೂತ್ರ ಹೆಚ್ಚಿ ಸುಮಾರು ಆರು ಗಂಟೆಗಳ ಕಾಲ ಹಾಗೆಯೇ ಇರುವುದರಿಂದ, ಶಿವಮೊಗ್ಗದ ಬಸ್ಸು ಹತ್ತುವ ದಿನ, ವಿಶೇಷತಃ ಹೆಂಗಸರು, ಆ ಮಾತ್ರೆಯನ್ನು ಬೇಕೆಂದೇ ಬಿಡುತ್ತಾರೆ. ಇದು ಮರೆವಲ್ಲ, ಲಜ್ಜೆ. ಸಂಕೋಚಪಡದೆ ಹೇಳಿದರೆ ಊರಿಗೆ ಮರಳಿದ ಮೇಲೆ ಸೇವಿಸಲು ವೈದ್ಯರು ಅನುಮತಿ ಕೊಡಬಲ್ಲರು. ಮಾತ್ರೆ ಉಷ್ಣವೆಂಬ ಭಾವನೆಯಿಂದ ಬೇಸಗೆಯಲ್ಲಿ ನಿಲ್ಲಿಸುವವರೂ, ಹೊಳೆಮತ್ತಿಯ ಕಷಾಯ ಕುಡಿಯತೊಡಗಿ ಚೀಟಿಯ ಔಷಧವನ್ನು ಬಿಡುವವರೂ ಇದ್ದಾರೆ. ಈ ಎರಡನೆಯದು ನಿಜಕ್ಕೂ ಅಪಾಯಕರ.

ಮಾತ್ರೆಗಳನ್ನು ಅಡಕಿದ ಪಟ್ಟಿಗಳೇ (ಸ್ಟ್ರಿಪ್) ಒಂದು ಕಾರಣವಾಗುತ್ತವೆಂಬುದನ್ನು ಕಡಮೆ ಜನ ಗಮನಿಸಿದ್ದಾರೆ. ಒಂದರಲ್ಲಿ 10, ಇನ್ನೊಂದರಲ್ಲಿ 14, ಮತ್ತೊಂದರಲ್ಲಿ 15 ಮಾತ್ರೆಗಳಿರುವುದರಿಂದ ಒಂದೇ ದಿನ ಕೊಂಡ ಮೂರು ಔಷಧಗಳು ಮೂರು ಬೇರೆ ದಿನ ಮುಗಿಯುತ್ತವೆ; ಪೇಟೆಗೆ ಹೋಗುವುದು ವಾರಕ್ಕೊಮ್ಮೆಯಾದ ಹಳ್ಳಿಯ ಮನೆಯಲ್ಲಿ ಅಷ್ಟರಿಂದಲೇ ಕೆಲವು ದಿನಗಳ ಲೋಪವಾಗುತ್ತದೆ. ಅಂಗಡಿ ಬದಲಾದಾಗ ಅದೇ ಔಷಧ ಬೇರೆ ಬಣ್ಣದಲ್ಲಿ, ಬೇರೆ ಹೆಸರಿನಲ್ಲಿ ಬಂದರೆ, ಅಕ್ಷರ ಬಾರದ ಹಿರಿಯರು ಹಳೆಯದನ್ನೂ ಹೊಸದನ್ನೂ ಕೂಡಿಸಿ ನುಂಗುವುದೋ ಎರಡನ್ನೂ ಬಿಡುವುದೋ ಸಂಭವಿಸುತ್ತದೆ. ಮಳೆಗಾಲದ ತೇವಕ್ಕೆ ಪಟ್ಟಿಯಿಂದ ಬಿಡಿಸಿಟ್ಟ ಆಸ್ಪಿರಿನ್ ಒಡೆದು ಹುಳಿವಾಸನೆ ಬರುವುದುಂಟು, ಅಂಥದನ್ನು ಉಪಯೋಗಿಸಬಾರದು.

ಸ್ಮರಣೆಯ ಉಪಾಯಗಳು

ಗಡಿಯಾರಕ್ಕಿಂತ ನಿತ್ಯಕರ್ಮವೇ ಉತ್ತಮ ಸ್ಮಾರಕ. ಸುಗ್ಗಿಯಲ್ಲಿಯೂ ನಾಟಿಯಲ್ಲಿಯೂ ತಪ್ಪದ ಬೆಳಗಿನ ಕಾಫಿಗೋ ದೇವರ ಮುಂದಿನ ದೀಪಕ್ಕೋ ನಮಾಜಿಗೋ ಮಾತ್ರೆಯನ್ನು ಜೋಡಿಸಿಕೊಂಡಲ್ಲಿ ಅಭ್ಯಾಸ ಸ್ಥಿರವಾಗುತ್ತದೆ. ವಾರದ ಏಳು ಮನೆಗಳಿರುವ ಡಬ್ಬಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು, ಮೊಬೈಲಿನ ಅಲಾರಂ, ಪೊಟ್ಟಣದ ಮೇಲೆ ಸೂರ್ಯ ಚಂದ್ರರ ಚಿತ್ರ ಇವೆಲ್ಲ ಉಪಯುಕ್ತ. ತೇವ ತಗಲುವ ಔಷಧಗಳನ್ನು ಮಾತ್ರ ಪಟ್ಟಿಯೊಡನೆಯೇ ಕತ್ತರಿಸಿ ಡಬ್ಬಿಯಲ್ಲಿಡಬೇಕು. ನಾಲಿಗೆಯ ಕೆಳಗಿಡುವ ಎದೆನೋವಿನ ಮಾತ್ರೆ ಅದರ ಮೂಲ ಪೊಟ್ಟಣದಲ್ಲೇ ಇರಲಿ.

ಉಪಾಯಗಳ ಪೈಕಿ ಪ್ರಯೋಗಕ್ಕೆ ಒಳಪಟ್ಟ ಎರಡನ್ನು ಇಲ್ಲಿ ಹೇಳಬಹುದು. ಎರಡರಲ್ಲಿಯೂ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವಿದ್ವಾಂಸರ ಕಾರ್ಯವಿದೆ. ಮೊದಲನೆಯದು ಹಲವು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಅಡಕಗೊಳಿಸುವುದು. ಪ್ರೇಮ್ ಪೈಸ್, ಸಲೀಂ ಯೂಸುಫ್ ಮೊದಲಾದವರು ಭಾರತದ 50 ಕೇಂದ್ರಗಳಲ್ಲಿ 2053 ಮಂದಿಯ ಮೇಲೆ ನಡೆಸಿದ ಇಂಥ ಗುಳಿಗೆಯ ಪರೀಕ್ಷೆ 2009ರಲ್ಲಿ ಪ್ರಕಟವಾಯಿತು. ಭಾರತ ಯೂರೋಪುಗಳಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ ಇಂಥ ಗುಳಿಗೆ ಪಡೆದವರಲ್ಲಿ ಶೇ. 86 ಮಂದಿ, ಬಿಡಿ ಔಷಧ ಪಡೆದವರಲ್ಲಿ ಶೇ. 65 ಮಂದಿ ನಿಯಮವನ್ನು ಪಾಲಿಸಿದ್ದರು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಗುಳಿಗೆಯನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಎರಡನೆಯದು ಮನೆಯ ಸಮೀಪದ ಆರೋಗ್ಯ ಕಾರ್ಯಕರ್ತರ ನೆರವು: ಡೆನಿಸ್ ಜೇವಿಯರ್ ಮತ್ತು ಸಹೋದ್ಯೋಗಿಗಳು ಹೃದಯಾಘಾತದಿಂದ ಚೇತರಿಸಿಕೊಂಡ 806 ಮಂದಿಯಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅಂಥ ನೆರವು ದೊರೆತವರ ಪೈಕಿ ಶೇ. 97, ದೊರೆಯದವರ ಪೈಕಿ ಶೇ. 92 ಮಂದಿ ವರ್ಷದ ಕೊನೆಗೆ ಔಷಧವನ್ನು ಕ್ರಮವಾಗಿ ಸೇವಿಸುತ್ತಿದ್ದರು. ಅಂತರ ಚಿಕ್ಕದಾಗಿ ಕಂಡರೂ ಉಪೇಕ್ಷಣೀಯವಲ್ಲ.

ಸಾರ್ವಜನಿಕ ವ್ಯವಸ್ಥೆ

2010ರಲ್ಲಿ ಕೇಂದ್ರಸರ್ಕಾರ ಆರಂಭಿಸಿದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಮೊದಲ ಹಂತದಲ್ಲಿ ಆಯ್ಕೆಯಾದ ಕರ್ನಾಟಕದ ಜಿಲ್ಲೆಗಳಲ್ಲಿ ಶಿವಮೊಗ್ಗವೂ ಸೇರಿತ್ತು. 2023ರಲ್ಲಿ ರಾಜ್ಯಸರ್ಕಾರ ತಂದ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯು ಹೃದಯಾಘಾತದ ಮೊದಲ ಗಂಟೆಗಳ ಚಿಕಿತ್ಸೆಗೆ ಸಂಬಂಧಿಸಿದ್ದು. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಮೊದಲುಗೊಂಡ ಗೃಹ ಆರೋಗ್ಯ ಯೋಜನೆಯು ಮನೆಬಾಗಿಲಿನ ತಪಾಸಣೆಯನ್ನೂ ಔಷಧ ವಿತರಣೆಯನ್ನೂ ಉದ್ದೇಶಿಸಿದ್ದು. ಮೊದಲ ಗಂಟೆಯಲ್ಲಿ ಉಳಿದ ಪ್ರಾಣವನ್ನು ಮುಂದಿನ ಇಪ್ಪತ್ತು ವರ್ಷ ಕಾಯುವ ಕೆಲಸ ಮನೆಯವರದೂ ಆಶಾ ಕಾರ್ಯಕರ್ತೆಯರದೂ ಆಗಿದೆ. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹಳ್ಳ ಹೊಳೆಗಳು ತುಂಬಿ ಸಂಚಾರ ದುಸ್ತರವಾಗುವ ಈ ತಾಲ್ಲೂಕುಗಳಲ್ಲಿ, ಸ್ಥಿರಸ್ಥಿತಿಯಲ್ಲಿರುವ ಹೃದ್ರೋಗಿಗಳಿಗೆ ಮಳೆ ಹಿಡಿಯುವ ಮೊದಲೇ ಎರಡು ಮೂರು ತಿಂಗಳ ಔಷಧವನ್ನು ಒಟ್ಟಿಗೆ ಕೊಡುವ ಕ್ರಮವನ್ನು ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರವೂ ಕೈಗೊಳ್ಳುವುದು ಅತ್ಯವಶ್ಯ.