ಧ್ರುವ ಪ್ರಾಣಿಗಳು ಮತ್ತು ಅವುಗಳ ಆವಾಸ (ಪ್ರಾಥಮಿಕ ಶಾಲಾ ಬೋಧನೆ)

ಭೂಮಿಯ ಉತ್ತರ ಮತ್ತು ದಕ್ಷಿಣ ಧ್ರುವಗಳ ಸುತ್ತಲಿನ ಹಿಮಪ್ರದೇಶದ ಜೀವಿಗಳನ್ನೂ ಅವುಗಳ ನೆಲೆಯನ್ನೂ ಎಳೆಯ ಮಕ್ಕಳಿಗೆ ಪರಿಚಯಿಸುವ ಪಾಠವಿಷಯ. ಕರ್ನಾಟಕದಲ್ಲಿ ಇದು ಕಿರಿಯ ಪ್ರಾಥಮಿಕ ತರಗತಿಗಳ ಪರಿಸರ ಅಧ್ಯಯನದ ವ್ಯಾಪ್ತಿಗೆ ಸೇರುತ್ತದೆ. ಪ್ರಾಣಿಗಳ ಹೆಸರು ಹೇಳಿಸುವುದಷ್ಟೇ ಈ ಪಾಠದ ಗುರಿಯಲ್ಲ. ಯಾವುದೇ ಜೀವಿಯ ಮೈಕಟ್ಟು, ಆಹಾರ, ನಡವಳಿಕೆಗಳು ಅದು ಬದುಕುವ ಜಾಗಕ್ಕೆ ಹೇಗೆ ಒಗ್ಗಿವೆ ಎಂಬುದನ್ನು ಮಕ್ಕಳು ಅರಿಯಬೇಕು.

ಎರಡು ಧ್ರುವಗಳ ವ್ಯತ್ಯಾಸ

ಉತ್ತರದ ಆರ್ಕ್ಟಿಕ್ ಪ್ರದೇಶದ ನಡುವೆ ಸಮುದ್ರವಿದೆ, ಸುತ್ತ ಭೂಖಂಡಗಳಿವೆ. ದಕ್ಷಿಣದ ಅಂಟಾರ್ಕ್ಟಿಕ ಸ್ವತಃ ಭೂಖಂಡ, ಅದರ ಸುತ್ತ ಸಮುದ್ರವಿದೆ. ಅಂಟಾರ್ಕ್ಟಿಕದ ವಿಸ್ತೀರ್ಣ ಸುಮಾರು 1.4 ಕೋಟಿ ಚದರ ಕಿ.ಮೀ., ಅಂದರೆ ಭಾರತದ ನಾಲ್ಕು ಪಟ್ಟಿಗೂ ಹೆಚ್ಚು. ಅಲ್ಲಿನ ವೋಸ್ಟಾಕ್ ನೆಲೆಯಲ್ಲಿ 1983ರ ಜುಲೈ 21ರಂದು ಉಷ್ಣಾಂಶ ಸೊನ್ನೆಗಿಂತ 89.2 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು.

ಹಿಮಕರಡಿ, ವಾಲ್ರಸ್, ಹಿಮನರಿ, ಹಿಮಸಾರಂಗಗಳು ಉತ್ತರದವು. ಎಂಪರರ್ ಮತ್ತು ಅಡೇಲಿ ಪೆಂಗ್ವಿನ್‌ಗಳು ದಕ್ಷಿಣದವು. ಸೀಲ್ ಮತ್ತು ತಿಮಿಂಗಿಲಗಳು ಎರಡೂ ಕಡೆ ಇವೆ. ಆರ್ಕ್ಟಿಕ್ ಟರ್ನ್ ಎಂಬ ರೀವ ಹಕ್ಕಿ ಉತ್ತರದಲ್ಲಿ ಮರಿಮಾಡಿ, ಅಲ್ಲಿ ಚಳಿ ಏರುವ ಹೊತ್ತಿಗೆ ದಕ್ಷಿಣದ ಬೇಸಿಗೆಯನ್ನು ಅರಸಿ ಹಾರುತ್ತದೆ. ಅಂಟಾರ್ಕ್ಟಿಕದಲ್ಲಿ ನೆಲದ ಮೇಲೆಯೇ ಇಡೀ ಬದುಕು ಕಳೆಯುವ ಅತಿ ದೊಡ್ಡ ಪ್ರಾಣಿ ರೆಕ್ಕೆಯಿಲ್ಲದ ಒಂದು ನೊಣಜಾತಿಯ ಕೀಟ. ಅದರ ಉದ್ದ ಕೆಲವೇ ಮಿ.ಮೀ. ಉಳಿದ ದೊಡ್ಡ ಜೀವಿಗಳೆಲ್ಲ ಹೊಟ್ಟೆಪಾಡಿಗೆ ಸಮುದ್ರವನ್ನೇ ನಂಬಿವೆ. ಸಿಗಡಿಯನ್ನು ಹೋಲುವ ಪುಟ್ಟ ಕ್ರಿಲ್ ಅಲ್ಲಿನ ಆಹಾರ ಸರಪಳಿಯ ಮುಖ್ಯ ಕೊಂಡಿ.

ಹೊಂದಾಣಿಕೆ

ಹಿಮಕರಡಿಯ ಕೂದಲು ಟೊಳ್ಳು, ಅದಕ್ಕೆ ಬಣ್ಣವಿಲ್ಲ. ಬೆಳಕು ಚದುರುವುದರಿಂದ ಅದು ಬಿಳಿಯಾಗಿ ಕಾಣುತ್ತದೆ, ಒಳಗಿನ ಚರ್ಮ ಕಪ್ಪು. ಚರ್ಮದಡಿಯ ದಪ್ಪ ಕೊಬ್ಬಿನ ಪದರ ಮೈಯ ಬಿಸಿ ಹೊರಹೋಗದಂತೆ ತಡೆಯುತ್ತದೆ. ಹಿಮನರಿಯ ತುಪ್ಪಳ ಚಳಿಗಾಲದಲ್ಲಿ ಬಿಳಿಯಾಗಿ, ಬೇಸಿಗೆಯಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಎಂಪರರ್ ಪೆಂಗ್ವಿನ್‌ನಲ್ಲಿ ಮೊಟ್ಟೆಗೆ ಕಾವು ಕೊಡುವುದು ಗಂಡು. ಮೊಟ್ಟೆಯನ್ನು ಪಾದಗಳ ಮೇಲಿಟ್ಟುಕೊಂಡು, ಹೊಟ್ಟೆಯ ಚರ್ಮದ ಮಡಿಕೆಯಿಂದ ಮುಚ್ಚಿ, ಸುಮಾರು 65 ದಿನ ಏನೂ ತಿನ್ನದೆ ನಿಲ್ಲುತ್ತದೆ. ಗಾಳಿ ಬೀಸಿದಾಗ ನೂರಾರು ಗಂಡುಗಳು ಒತ್ತೊತ್ತಾಗಿ ಗುಂಪುಗೂಡಿ, ಹೊರಗಿದ್ದವು ಒಳಕ್ಕೂ ಒಳಗಿದ್ದವು ಹೊರಕ್ಕೂ ಸರಿಯುತ್ತಿರುತ್ತವೆ.

ತರಗತಿಯ ಚಟುವಟಿಕೆಗಳು

ಹಿಮ ಬೀಳುವುದನ್ನು ಕಂಡಿರದ ಬಯಲುಸೀಮೆಯ ಮಕ್ಕಳಿಗೆ ಚಿತ್ರಕ್ಕಿಂತ ಕೈಯಾರೆ ಮಾಡಿ ನೋಡುವ ಪ್ರಯೋಗ ಹೆಚ್ಚು ತಿಳಿಸಿಕೊಡುತ್ತದೆ. ಮೂರು ಪ್ರಯೋಗಗಳನ್ನು ಯಾವ ಶಾಲೆಯಲ್ಲಾದರೂ ಮಾಡಬಹುದು.

ಕೊಬ್ಬಿನ ಪದರ: ಒಂದು ಪ್ಲಾಸ್ಟಿಕ್ ಕವರಿನೊಳಗೆ ಡಾಲ್ಡಾ ಸವರಿ, ಅದರೊಳಗೆ ಇನ್ನೊಂದು ಕವರ್ ತೂರಿಸಿ ಕೈಗವಸು ಮಾಡಬೇಕು. ಮಗು ಒಂದು ಕೈಗೆ ಇದನ್ನೂ ಇನ್ನೊಂದಕ್ಕೆ ಬರಿಯ ಕವರನ್ನೂ ತೊಟ್ಟು ಐಸ್ ನೀರಿನ ಬಕೆಟ್ಟಿನಲ್ಲಿ ಅದ್ದುತ್ತದೆ. ಬರಿಯ ಕವರಿನ ಕೈ ಬೇಗನೆ ಜೋಮು ಹಿಡಿಯುತ್ತದೆ, ಡಾಲ್ಡಾ ಇರುವ ಕೈ ತಾಳಿಕೊಳ್ಳುತ್ತದೆ.

ಪೆಂಗ್ವಿನ್ ಗುಂಪು: ಒಂದೇ ಅಳತೆಯ ಎಂಟು ಸ್ಟೀಲ್ ಲೋಟಗಳಿಗೆ ಬಿಸಿನೀರು ತುಂಬಿ, ಏಳನ್ನು ಒತ್ತಾಗಿ, ಒಂದನ್ನು ದೂರ ಇಡಬೇಕು. ಹತ್ತಿಪ್ಪತ್ತು ನಿಮಿಷದ ಬಳಿಕ ಉಷ್ಣಮಾಪಕ ಅದ್ದಿ ನೋಡಿದರೆ, ಗುಂಪಿನ ನಡುವಿನ ಲೋಟ ಒಂಟಿ ಲೋಟಕ್ಕಿಂತ ಬಿಸಿಯಾಗಿರುತ್ತದೆ. ಬಿಸಿನೀರನ್ನು ಶಿಕ್ಷಕರೇ ಸುರಿಯಬೇಕು.

ಕರಗುವ ಹಿಮ: ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ, ಒಂದರಲ್ಲಿ ಐಸ್ ತುಂಡನ್ನು ತೇಲಿಬಿಡಬೇಕು. ಇನ್ನೊಂದರಲ್ಲಿ ನೀರಿನ ಮೇಲೆ ತಲೆಯೆತ್ತುವಷ್ಟು ದೊಡ್ಡ ಕಲ್ಲನ್ನಿಟ್ಟು ಅದರ ಮೇಲೆ ಐಸ್ ಇಡಬೇಕು. ನೀರಿನ ಮಟ್ಟವನ್ನು ಹೊರಗಿನಿಂದ ಗುರುತು ಮಾಡಬೇಕು. ತೇಲುವ ಐಸ್ ಕರಗಿದಾಗ ಮಟ್ಟ ಏರುವುದಿಲ್ಲ, ಕಲ್ಲಿನ ಮೇಲಿನದು ಕರಗಿದಾಗ ಏರುತ್ತದೆ. ಅಂಟಾರ್ಕ್ಟಿಕದ ನೆಲದ ಮೇಲಿನ ಹಿಮ ಕರಗಿದರೆ ಸಮುದ್ರ ಏಕೆ ಏರುತ್ತದೆ ಎಂಬುದಕ್ಕೆ ಇಷ್ಟೇ ಸಾಕು.

ಸ್ಥಳೀಯ ಆವಾಸದಿಂದ ಆರಂಭ: ಕೋಲಾರ ಸೀಮೆ

ಪರಿಸರ ಪಾಠದಲ್ಲಿ ಕಂಡದ್ದರಿಂದ ಕಾಣದ್ದಕ್ಕೆ ಹೋಗುವುದು ರೂಢಿ. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಂಥ ಊರಿನಲ್ಲಿ ಮಕ್ಕಳ ಕಣ್ಣೆದುರಿಗಿರುವುದು ಬಂಡೆಗುಡ್ಡ, ಕೆರೆ, ಕುರುಚಲು ಕಾಡು. ಸುಡುವ ಬಂಡೆಯ ಮೇಲೆ ಬಿಸಿಲು ಕಾಯಿಸುವ ಓತಿಕ್ಯಾತನಿಗೆ ಮೈಯ ಬಿಸಿ ಹೊರಗಿನಿಂದ ಬರಬೇಕು. ಹಿಮಕರಡಿ ತನ್ನ ಬಿಸಿಯನ್ನು ತಾನೇ ಹುಟ್ಟಿಸಿ ಒಳಗೇ ಕಾಪಾಡಿಕೊಳ್ಳುತ್ತದೆ. ಧ್ರುವದಲ್ಲಿ ಓತಿಕ್ಯಾತ ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಸಿಗುತ್ತದೆ.

ಮಳೆಯ ಹೋಲಿಕೆಯೂ ಈ ಸೀಮೆಗೆ ಹೊಂದುತ್ತದೆ. ಬರಪೀಡಿತವೆಂದು ಹೆಸರಾದ ಕೋಲಾರ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 700 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅಂಟಾರ್ಕ್ಟಿಕದ ಒಳನಾಡಿನಲ್ಲಿ ಬೀಳುವ ಹಿಮವನ್ನು ನೀರಿಗೆ ಲೆಕ್ಕ ಹಾಕಿದರೆ ಸುಮಾರು 50 ಮಿ.ಮೀ. ಮಾತ್ರ. ಹಿಮ ಮುಚ್ಚಿದ್ದರೂ ಅದು ಮರುಭೂಮಿ.

ಗಡಿಭಾಗದ ಈ ತಾಲ್ಲೂಕುಗಳಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಹೊಸ ಪದಗಳು ಒಟ್ಟಿಗೆ ಬರುವ ಇಂಥ ಪಾಠದಲ್ಲಿ ಮೊದಲು ವಸ್ತು ಅಥವಾ ಚಿತ್ರ, ಆಮೇಲೆ ಹೆಸರು ಎಂಬ ಕ್ರಮ ಅನುಕೂಲ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾಗಿ ಬಳಿಕ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿ ಪದ್ಧತಿಯ ಕಾರ್ಡುಗಳು ಮತ್ತು ಗುಂಪು ಕಲಿಕೆ ಇದಕ್ಕೆ ಒದಗುತ್ತವೆ. ಕೋಲಾರದ ಗಡಿಗೆ ಹೊಂದಿದ ಕುಪ್ಪಂ ಬಳಿ ಕ್ಯಾಂಪಸ್ ಹೊಂದಿರುವ ಅಗಸ್ತ್ಯ ಇಂಟರ್‌ನ್ಯಾಷನಲ್ ಫೌಂಡೇಶನ್ ಸಂಚಾರಿ ಪ್ರಯೋಗಾಲಯಗಳ ಮೂಲಕ ಗ್ರಾಮೀಣ ಶಾಲೆಗಳಲ್ಲಿ ವಿಜ್ಞಾನ ಪ್ರಯೋಗಗಳನ್ನು ಮಾಡಿ ತೋರಿಸುತ್ತದೆ.

ಸಾಮಾನ್ಯ ತಪ್ಪು ಗ್ರಹಿಕೆಗಳು

ಹಿಮಕರಡಿ ಪೆಂಗ್ವಿನನ್ನು ಬೇಟೆಯಾಡುತ್ತದೆ ಎಂಬುದು ಕಾರ್ಟೂನುಗಳಿಂದ ಬಂದ ತಪ್ಪು. ಸಹಜ ನೆಲೆಯಲ್ಲಿ ಇವೆರಡೂ ಎದುರಾಗುವುದೇ ಇಲ್ಲ. ಪೆಂಗ್ವಿನ್‌ಗಳೆಲ್ಲ ಹಿಮದಲ್ಲಿರುತ್ತವೆ ಎಂಬುದೂ ಸರಿಯಲ್ಲ. ಮುಂಬೈನ ಬೈಕುಲಾ ಮೃಗಾಲಯದಲ್ಲಿರುವ ಹಂಬೋಲ್ಟ್ ಪೆಂಗ್ವಿನ್‌ಗಳ ತವರು ಪೆರು ಮತ್ತು ಚಿಲಿ ದೇಶಗಳ ಕರಾವಳಿ, ಗಲಾಪಗೋಸ್ ಪೆಂಗ್ವಿನ್ ಭೂಮಧ್ಯರೇಖೆಯ ಬಳಿಯದು.

ಭಾರತದ ನಂಟು

ಎಸ್.ಝಡ್. ಖಾಸಿಂ ನೇತೃತ್ವದ ಮೊದಲ ಭಾರತೀಯ ತಂಡ 1982ರ ಜನವರಿಯಲ್ಲಿ ಅಂಟಾರ್ಕ್ಟಿಕದಲ್ಲಿ ಕಾಲಿಟ್ಟಿತು. ದಕ್ಷಿಣ ಗಂಗೋತ್ರಿ ಭಾರತದ ಮೊದಲ ನೆಲೆ. ಮೈತ್ರಿ (1989) ಮತ್ತು ಭಾರತಿ (2012) ಆಮೇಲಿನವು. ಆರ್ಕ್ಟಿಕ್‌ನ ಸ್ವಾಲ್‌ಬಾರ್ಡ್ ದ್ವೀಪಸ್ತೋಮದಲ್ಲಿ 2008ರಿಂದ ಹಿಮಾದ್ರಿ ನೆಲೆಯಿದೆ. ಇವುಗಳ ಹೊಣೆ ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ್ದು.

ಸಂರಕ್ಷಣೆಯ ಪಾಠ

ಸಮುದ್ರದ ಹಿಮ ಕುಗ್ಗಿದಂತೆ ಸೀಲ್‌ಗಳನ್ನು ಹಿಡಿಯಲು ಹಿಮಕರಡಿಗೆ ನಿಲ್ಲುವ ನೆಲೆಯೇ ತಪ್ಪುತ್ತದೆ. ಆವಾಸ ಹೋದರೆ ಜೀವಿಯೂ ಹೋಗುತ್ತದೆ ಎಂಬುದಕ್ಕೆ ಕೋಲಾರ ಜಿಲ್ಲೆಯಲ್ಲಿಯೇ ಉದಾಹರಣೆಯಿದೆ. 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕೋಲಾರದ ಎಲೆಮೂಗಿನ ಬಾವಲಿ ಜಗತ್ತಿನಲ್ಲಿ ಹನುಮನಹಳ್ಳಿಯ ಒಂದು ಗುಹೆಯಲ್ಲಿ ಮಾತ್ರ ಉಳಿದಿರುವುದಾಗಿ ದಾಖಲಾಗಿದೆ. ಸಮೀಕ್ಷೆಗಳಲ್ಲಿ ಕಂಡ ಅದರ ಸಂಖ್ಯೆ 200ಕ್ಕೂ ಕಡಿಮೆ. ಸುತ್ತಲಿನ ಗ್ರಾನೈಟ್ ಗಣಿಗಾರಿಕೆ ಅದಕ್ಕೆ ದೊಡ್ಡ ಕಂಟಕವಾಗಿತ್ತು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಸುಮಾರು 26,000 ಸಂಖ್ಯೆಯ ಹಿಮಕರಡಿ ‘ಅಪಾಯಕ್ಕೀಡಾಗಬಲ್ಲ’ ವರ್ಗದಲ್ಲಿದ್ದರೆ, ಈ ಬಾವಲಿ ಅದಕ್ಕಿಂತ ಎರಡು ಹಂತ ಮುಂದೆ, ‘ತೀವ್ರ ಅಪಾಯದಲ್ಲಿರುವ’ ವರ್ಗದಲ್ಲಿದೆ.