ತೋಟಾ ಕಾರ್ಖಾನೆಯೊಳಗೆ ನಾಟಕ: ಪ್ಯಾರಿಸ್‌ನ ‘ಕಾರ್ತೂಶ್‌ರಿ’ ಬಗ್ಗೆ ತಿಳಿದಿರಬೇಕಾದ್ದು

ನಾಟಕ ನೋಡೋಕೆ ಹೋಗ್ತೀರಿ. ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವವರು ಆ ನಾಟಕದ ನಿರ್ದೇಶಕಿಯೇ. ಒಳಗೆ ಊಟ ಬಡಿಸುವವರು ತಂಡದವರು. ಇನ್ನೊಂದು ಬದಿಯಲ್ಲಿ ನಟರು ಬಣ್ಣ ಹಚ್ಚಿಕೊಳ್ಳುತ್ತಿರುತ್ತಾರೆ, ಅದನ್ನೂ ನೋಡಬಹುದು. ಪ್ಯಾರಿಸ್‌ನ ಅಂಚಿನಲ್ಲಿರುವ ವ್ಯಾನ್ಸೆನ್ ಕಾಡಿನ ‘ಕಾರ್ತೂಶ್‌ರಿ’ಯಲ್ಲಿ ಇದು ಮಾಮೂಲಿ ಸಂಜೆ.

ಫ್ರೆಂಚ್‌ನಲ್ಲಿ ಕಾರ್ತೂಶ್‌ರಿ ಅಂದರೆ ತೋಟಾ ಕಾರ್ಖಾನೆ. ಸೇನೆಗೆ ಬಂದೂಕಿನ ತೋಟಾ ತಯಾರಿಸಲು 19ನೇ ಶತಮಾನದಲ್ಲಿ ಕಟ್ಟಿದ ಶೆಡ್ಡುಗಳಿವು. 1970ರಿಂದ ಇಲ್ಲಿ ನಾಟಕ ನಡೀತಿದೆ.

ಖಾಲಿ ಶೆಡ್ಡಿಗೆ ನಾಟಕ ಬಂದದ್ದು ಹೇಗೆ?

1964ರಲ್ಲಿ ಆರಿಯಾನ್ ಮ್ನೂಶ್ಕಿನ್ ಮತ್ತು ಅವರ ಗೆಳೆಯರು ‘ತಿಯಾತ್ರ್ ದ್ಯು ಸೊಲೇಯ್’ (ಸೂರ್ಯ ರಂಗತಂಡ) ಕಟ್ಟಿದರು. ಕಂಪನಿ ಅಥವಾ ಟ್ರಸ್ಟ್ ಮಾಡದೆ, ಕಾರ್ಮಿಕರ ಸಹಕಾರ ಸಂಘವಾಗಿ ನೋಂದಾಯಿಸಿದರು. 1968ರ ಮೇ ತಿಂಗಳ ಮುಷ್ಕರದಲ್ಲಿ ಈ ತಂಡ ಕಾರ್ಮಿಕರು ವಶಪಡಿಸಿಕೊಂಡಿದ್ದ ಕಾರ್ಖಾನೆಗಳಿಗೇ ಹೋಗಿ ನಾಟಕ ಆಡಿತು. ಆದರೆ ತಂಡಕ್ಕೆ ಸ್ವಂತ ಜಾಗ ಇರಲಿಲ್ಲ. ಸೇನೆ ಬಿಟ್ಟುಹೋಗಿದ್ದ ಶೆಡ್ಡುಗಳು ಕಣ್ಣಿಗೆ ಬಿದ್ದದ್ದು 1970ರಲ್ಲಿ. ಅಲ್ಲಿಗೆ ಹೋಗಿ ನೆಲೆಸಿದ ನಟರು ತಾವೇ ಶುಚಿ ಮಾಡಿ, ರಿಪೇರಿ ಮಾಡಿದರು.

ಫ್ರೆಂಚ್ ಕ್ರಾಂತಿಯನ್ನು ಜನರ ಕಣ್ಣಿನಿಂದ ಹೇಳುವ ‘1789’ ಮೊದಲು ಇಟಲಿಯ ಮಿಲಾನ್‌ನಲ್ಲಿ ಪ್ರದರ್ಶನ ಕಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾರ್ತೂಶ್‌ರಿಗೆ ಬಂತು. ಮುಂದೆ ಬೇರೆ ತಂಡಗಳೂ ಬಂದವು. ಲ ಟಾಂಪೆತ್, ಅಕ್ವೇರಿಯಮ್, ಎಪೇ ದ ಬುವಾ ರಂಗಮಂದಿರಗಳ ಜೊತೆಗೆ ಒಂದು ನೃತ್ಯ ಕೇಂದ್ರವೂ ಇಂದು ಇದೇ ಆವರಣದಲ್ಲಿದೆ.

ಕಟ್ಟಡ ಯಾಕೆ ಮುಖ್ಯ?

ಎಂಜಿನಿಯರಿಂಗ್ ಓದಿದ ನನ್ನಂಥವರಿಗೆ ಇದು ಬೇಗ ಅರ್ಥವಾಗುತ್ತೆ. ಮಾಮೂಲಿ ರಂಗಮಂದಿರದಲ್ಲಿ ಯಾರು ಎಲ್ಲಿ ಇರಬೇಕು ಅನ್ನೋದನ್ನು ಕಾಂಕ್ರೀಟೇ ತೀರ್ಮಾನಿಸಿಬಿಟ್ಟಿರುತ್ತದೆ: ಎತ್ತರದಲ್ಲಿ ನಟರು, ಕೆಳಗೆ ನಾವು, ಬಾಲ್ಕನಿಯಲ್ಲಿ ಕಡಿಮೆ ದುಡ್ಡಿನವರು. ಕಾರ್ಖಾನೆ ಶೆಡ್ಡು ಉದ್ದನೆಯ ಖಾಲಿ ಜಾಗ, ಅಷ್ಟೇ. ಪ್ರತಿ ನಾಟಕಕ್ಕೂ ರಂಗವನ್ನು ಹೊಸದಾಗಿ ಕಟ್ಟಬಹುದು.

‘1789’ರಲ್ಲಿ ಸುತ್ತಲೂ ಐದು ವೇದಿಕೆ, ನಡುವೆ ನಿಂತ ಪ್ರೇಕ್ಷಕರು. ಬಾಸ್ತೀಲ್ ಸೆರೆಮನೆ ಜನರ ವಶವಾದ ಕತೆಯನ್ನು ನಟರು ಚದುರಿ ನಿಂತು, ಹತ್ತಿರ ಇದ್ದವರನ್ನು ಸೇರಿಸಿಕೊಂಡು ಪಿಸುದನಿಯಲ್ಲಿ ಶುರು ಮಾಡುತ್ತಿದ್ದರು. ದನಿಗಳು ಏರುತ್ತಾ ಏರುತ್ತಾ ಇಡೀ ಶೆಡ್ಡು ಜಾತ್ರೆಯಾಗುತ್ತಿತ್ತು. ನೋಡಲು ಬಂದವರೇ 1789ರ ಪ್ಯಾರಿಸ್‌ನ ಗುಂಪಾಗಿಬಿಡುತ್ತಿದ್ದರು.

ಯಾರಿಗೆ ಎಷ್ಟು ಸಂಬಳ?

ಎಲ್ಲರಿಗೂ ಒಂದೇ. ಮುಖ್ಯ ಪಾತ್ರಧಾರಿ, ಅಡುಗೆಯವರು, ತಂತ್ರಜ್ಞರು, ನಿರ್ದೇಶಕಿ ಎಲ್ಲರಿಗೂ ಸಮಾನ ವೇತನ. ಟಿಕೆಟ್ ಹಣದ ಜೊತೆ ಸರ್ಕಾರದ ಅನುದಾನವೂ ಸಿಗುತ್ತದೆ.

ಹಾಗಾದರೆ ಸರ್ಕಾರದ ದುಡ್ಡು ತಗೊಂಡು ಸರ್ಕಾರವನ್ನೇ ಪ್ರಶ್ನಿಸಬಹುದಾ? 1973ರಲ್ಲಿ ಆಗಿನ ಸಂಸ್ಕೃತಿ ಸಚಿವ ಮೊರಿಸ್ ದ್ರುಯೋ, ಒಂದು ಕೈಯಲ್ಲಿ ಭಿಕ್ಷಾಪಾತ್ರೆ, ಇನ್ನೊಂದರಲ್ಲಿ ಪೆಟ್ರೋಲ್ ಬಾಂಬ್ ಹಿಡಿದು ಬರುವವರು ಯಾವುದಾದರೂ ಒಂದನ್ನು ಆರಿಸಿಕೊಳ್ಳಲಿ ಎಂಬರ್ಥದ ಮಾತಾಡಿದರು. ಉತ್ತರವಾಗಿ ರಂಗಕರ್ಮಿಗಳು ಪ್ಯಾರಿಸ್ ಬೀದಿಯಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯದ ‘ಶವಯಾತ್ರೆ’ ತೆಗೆದರು. ಅದರ ಮುಂಚೂಣಿಯಲ್ಲಿ ಸೊಲೇಯ್ ತಂಡ ಇತ್ತು. ಅನುದಾನ ಜನರ ತೆರಿಗೆ ಹಣವೇ ಹೊರತು ಸಚಿವರ ಕೃಪೆಯಲ್ಲ ಅನ್ನೋ ವಾದ ಇಲ್ಲಿದೆ.

1996ರಲ್ಲಿ ದಾಖಲೆಪತ್ರಗಳಿಲ್ಲದ ನೂರಾರು ಆಫ್ರಿಕನ್ ವಲಸಿಗರನ್ನು ಪೊಲೀಸರು ಚರ್ಚ್‌ನಿಂದ ಹೊರಹಾಕಿದಾಗ ಕಾರ್ತೂಶ್‌ರಿ ಅವರಿಗೆ ಆಶ್ರಯ ಕೊಟ್ಟಿತು. ಮುಂದೆ ನಿರಾಶ್ರಿತರ ಬಾಯಿಂದಲೇ ಕೇಳಿದ ಕತೆಗಳನ್ನು ಆಧರಿಸಿ ತಂಡ 2003ರಲ್ಲಿ ‘ಕೊನೆಯ ಕಾರವಾನ್ ತಂಗುದಾಣ’ ಅನ್ನುವ ನಾಟಕ ಮಾಡಿತು.

ಭಾರತದ ನಂಟು

ಲೇಖಕಿ ಎಲೆನ್ ಸಿಕ್ಸೂ ಬರೆದ ‘ಲ್ಯಾಂಡಿಯಾದ್’ (1987) ನಮ್ಮ ಸ್ವಾತಂತ್ರ್ಯ ಮತ್ತು ದೇಶ ವಿಭಜನೆಯ ಕುರಿತದ್ದು. 2015ರ ನವೆಂಬರ್‌ನ ಪ್ಯಾರಿಸ್ ಭಯೋತ್ಪಾದಕ ದಾಳಿಯ ನಂತರ ತಂಡ ಪುದುಚೇರಿಗೆ ಬಂದು, ತಮಿಳುನಾಡಿನ ಪುರಿಸೈ ಪರಂಪರೆಯ ಗುರುಗಳಿಂದ ತೆರುಕ್ಕೂತ್ತು ಕಲಿಯಿತು. ನಮ್ಮ ಬಯಲಾಟ ನೋಡಿದವರಿಗೆ ತೆರುಕ್ಕೂತ್ತು ಅಪರಿಚಿತ ಅನ್ನಿಸಲಾರದು. ಆ ಕಲಿಕೆಯಿಂದ ಬಂದದ್ದು 2016ರ ‘ಭಾರತದಲ್ಲೊಂದು ಕೋಣೆ’. ಜಗತ್ತು ಹೊತ್ತಿ ಉರಿಯುವಾಗ ನಾಟಕ ಮಾಡಿ ಏನು ಪ್ರಯೋಜನ ಅನ್ನೋದೇ ಅದರ ಪ್ರಶ್ನೆ.

ಎಲ್ಲವೂ ಸರಿಯಾಗಿದೆಯಾ?

ಇಲ್ಲ. 2018ರಲ್ಲಿ ಕೆನಡಾದ ನಿರ್ದೇಶಕ ರಾಬೆರ್ ಲೆಪಾಜ್ ಈ ತಂಡದೊಂದಿಗೆ ‘ಕನಾಟಾ’ ನಾಟಕಕ್ಕೆ ಕೈಹಾಕಿದರು. ಅದು ಕೆನಡಾದ ಮೂಲನಿವಾಸಿಗಳ ಕತೆ, ಆದರೆ ಮೂಲನಿವಾಸಿ ನಟರು ಒಬ್ಬರೂ ಇರಲಿಲ್ಲ. ನಮ್ಮ ಕತೆಯಲ್ಲಿ ನಾವೇ ಯಾಕಿಲ್ಲ ಅಂತ ಅಲ್ಲಿನ ಮೂಲನಿವಾಸಿ ಕಲಾವಿದರು ಬಹಿರಂಗ ಪತ್ರ ಬರೆದರು. ನಟ ಯಾರ ಪಾತ್ರವನ್ನಾದರೂ ಮಾಡಬಹುದು ಅನ್ನೋದು ಮ್ನೂಶ್ಕಿನ್ ನಿಲುವು. ನಾಟಕ ಒಮ್ಮೆ ರದ್ದಾಗಿ, ಡಿಸೆಂಬರ್‌ನಲ್ಲಿ ಕಾರ್ತೂಶ್‌ರಿಯಲ್ಲೇ ಪ್ರದರ್ಶನ ಕಂಡಿತು. ನನ್ನ ಪ್ರಕಾರ ಪತ್ರ ಬರೆದವರ ಪ್ರಶ್ನೆಗೆ ಆ ನಿಲುವು ಪೂರ್ತಿ ಉತ್ತರ ಅಲ್ಲ. ಒಳಗಿರುವವರಿಗೆ ಸಮಾನ ಸಂಬಳ ಕೊಟ್ಟ ಮಾತ್ರಕ್ಕೆ, ಒಳಗೆ ಯಾರಿದ್ದಾರೆ ಅನ್ನೋ ಪ್ರಶ್ನೆ ಮುಗಿಯೋದಿಲ್ಲ.

ಇಷ್ಟಾದರೂ ಕಾರ್ತೂಶ್‌ರಿ ಉಳಿದುಕೊಂಡಿರುವುದಕ್ಕೆ ಒಬ್ಬ ನಿರ್ದೇಶಕಿಯ ಪ್ರತಿಭೆ ಒಂದೇ ಕಾರಣ ಅಲ್ಲ. ನಗರದ ಅಂಚಿನಲ್ಲಿ ಸಿಕ್ಕ ಜಾಗ ಅಪಾರ್ಟ್‌ಮೆಂಟ್ ಆಗಲಿಲ್ಲ, ಅನುದಾನ ನಿಲ್ಲಲಿಲ್ಲ, ಸಂಸ್ಥೆ ಸಹಕಾರ ಸಂಘವಾಗಿಯೇ ಉಳಿಯಿತು. ಹಳೇ ಕಾರ್ಖಾನೆಯನ್ನು ‘ಕಲಾ ಕೇಂದ್ರ’ ಮಾಡ್ತೀವಿ ಅಂತ ಯಾರಾದರೂ ಘೋಷಿಸಿದರೆ ಮೊದಲು ಈ ಮೂರನ್ನು ಕೇಳಿ: ಜಾಗ ಯಾರದ್ದು, ದುಡ್ಡು ಎಲ್ಲಿಂದ, ತೀರ್ಮಾನ ಯಾರ ಕೈಯಲ್ಲಿ?