ದೂರದ ಓಲೆ ಊರಿಗೆ ಬಂದ ಬಗೆ

ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳೊಡನೆ ವಿಜಯನಗರ ಜಿಲ್ಲೆಗೆ ಸೇರಿತು. ಆದರೂ ಅದರ ಪಿನ್‌ಕೋಡ್ ಇಂದಿಗೂ ಬಳ್ಳಾರಿಯಂತೆ 583ರಿಂದಲೇ ಆರಂಭ. ಊರಿನ ಆಡಳಿತ ಬೇರೆ, ಓಲೆಯ ದಾರಿ ಬೇರೆ.

ಇ-ಮೇಲ್‌ನದೂ ಇದೇ ಕತೆ. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗ ಫೋನ್ ತಂತಿಯೇ ಆಧಾರ. ಸಂಪರ್ಕ ಸದಾ ಇರುತ್ತಿರಲಿಲ್ಲ. ಓಲೆಗಳು ದೂರದ ಸರ್ವರ್‌ನಲ್ಲಿ ಕಾದಿರುತ್ತಿದ್ದವು. ಅವನ್ನು ತರಲು 'ಪಾಪ್' ಎಂಬ ನಿಯಮಾವಳಿ 1984ರಲ್ಲೇ ರೂಪುಗೊಂಡಿತ್ತು. ಅಮೆರಿಕದ ಎರಿಕ್ ರೇಮಂಡ್ 1996ರಲ್ಲಿ 'ಫೆಚ್‌ಮೇಲ್' ತಂತ್ರಾಂಶ ಹೊರತಂದರು.

ಇದರ ಕೆಲಸ ಸರಳ. ದೂರದ ಸರ್ವರ್, ಬಳಕೆದಾರನ ಹೆಸರು, ಗುಪ್ತಪದ, ಎಷ್ಟು ಹೊತ್ತಿಗೊಮ್ಮೆ ಹೋಗಬೇಕು ಎಂಬುದನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಸಾಕು. ಅದು ಓಲೆಗಳನ್ನು ತಂದು ಕಚೇರಿಯ ಮೇಲ್ ಸರ್ವರ್‌ಗೆ ಒಪ್ಪಿಸುತ್ತದೆ. ಆ ಸರ್ವರ್ ಅವರವರ ಪೆಟ್ಟಿಗೆಗೆ ಹಂಚುತ್ತದೆ.

ಅಪಾಯವಿರುವುದು ನಡುದಾರಿಯಲ್ಲಿ. ತಂದ ಓಲೆ ಕೈಸೇರುವ ಮೊದಲೇ ಮೂಲಪ್ರತಿ ಅಳಿಸಿ ಕರೆಂಟು ಹೋದರೆ ಎರಡೂ ಕಡೆ ಓಲೆಯಿಲ್ಲ. ಆದ್ದರಿಂದ ಇತ್ತ ಸರ್ವರ್ 'ಸ್ವೀಕರಿಸಿದೆ' ಎಂದ ಮೇಲಷ್ಟೇ ಅತ್ತ ಅಳಿಸುವ ನಿಯಮ. 2025ರವರೆಗೆ ರಿಜಿಸ್ಟರ್ಡ್ ಟಪಾಲಿಗೆ ಸಹಿ ಪಡೆಯುತ್ತಿದ್ದ ಅಂಚೆಯವನಿಗೆ ಇದು ಹೊಸ ಪಾಠವೇನಲ್ಲ.